ಕನಸಿನ ಪುಸ್ತಕ, ಕೊರತೆಯ ಲೆಕ್ಕ

ನಮ್ಮ ದೇಶ ಬಲಿಷ್ಠ ರಾಷ್ಟ್ರಗಳ ಸಾಲಿಗೆ ಸೇರುತ್ತಿದೆ ಎಂಬ ಮಾತು ಇಂದು ಎಲ್ಲರ ನಾಲಿಗೆಯ ಮೇಲಿದೆ. ಈ ಆತ್ಮವಿಶ್ವಾಸಕ್ಕೆ ಗ್ರಂಥರೂಪ ಕೊಟ್ಟವರಲ್ಲಿ ಎ.ಪಿ.ಜೆ. ಅಬ್ದುಲ್ ಕಲಾಂ ಮತ್ತು ವೈ.ಎಸ್. ರಾಜನ್ ಪ್ರಮುಖರು. 1998ರಲ್ಲಿ ಪ್ರಕಟವಾದ ಅವರ ‘ಇಂಡಿಯಾ 2020’ ಕೃತಿಯನ್ನು, ಅದು ಗೊತ್ತುಮಾಡಿದ ಗಡುವು ಕಳೆದಿರುವ ಈ ಹೊತ್ತಿನಲ್ಲಿ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ನೆಲದಲ್ಲಿ ನಿಂತು ಮತ್ತೆ ಓದುವುದು ಉಚಿತ.

ಕೃತಿಯ ಹಿರಿಮೆ ನಿರ್ವಿವಾದ. ಅಭಿವೃದ್ಧಿ ಹೊಂದಿದ ಭಾರತದಲ್ಲಿ ಬಾಳಬೇಕೆಂದು ಬಯಸಿದ ಹತ್ತು ವರ್ಷದ ಬಾಲಕಿಗೆ ಅದು ಅರ್ಪಿತವಾಗಿದೆ. ಬಡದೇಶವೆಂಬ ಕೀಳರಿಮೆಯನ್ನು ಕಿತ್ತೊಗೆದು, ಕೃಷಿ, ಆರೋಗ್ಯ, ಕೈಗಾರಿಕೆಗಳಲ್ಲಿ ಏನು ಸಾಧ್ಯವೆಂಬುದನ್ನು ತಜ್ಞರ ವರದಿಗಳ ಆಧಾರದಿಂದ ವಿವರಿಸುತ್ತದೆ. ಕನಸಿಗೆ ಯೋಜನೆಯ ಶಿಸ್ತು ಕೊಟ್ಟ ಬರಹ ಇದು.

ಆದರೆ ಅದರ ಮಿತಿಯೂ ಇಲ್ಲಿಯೇ ಇದೆ. ದೇಶವನ್ನು ಒಂದೇ ದೇಹವೆಂದು ಕಾಣುವ ಬರಹಕ್ಕೆ ಯಾವ ಅಂಗ ಸೊರಗಿದೆ ಎಂಬುದು ಸುಲಭವಾಗಿ ಕಾಣದು. ಅದನ್ನು ಕಾಣಿಸಿದ್ದು ಇನ್ನೊಂದು ಬರಹ. ಕಲಾಂ ಅವರು ರಾಷ್ಟ್ರಪತಿಗಳಾದ 2002ರಲ್ಲೇ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಪ್ರಾದೇಶಿಕ ಅಸಮತೋಲನದ ವರದಿಯನ್ನು ಕರ್ನಾಟಕ ಸರ್ಕಾರಕ್ಕೆ ಒಪ್ಪಿಸಿತು. 35 ಸೂಚಕಗಳಿಂದ ಅಳೆದು, ರಾಜ್ಯದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದಿತು. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಆ ಪಟ್ಟಿಯಲ್ಲಿದ್ದವು. ಕೊಟ್ಟೂರು ಅಂದು ಕೂಡ್ಲಿಗಿ ತಾಲ್ಲೂಕಿನೊಳಗೇ ಇತ್ತು. ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿ ವೆಚ್ಚಮಾಡಬೇಕೆಂದು ಸಮಿತಿ ಸೂಚಿಸಿತು. ಕನಸಿನ ಪುಸ್ತಕ ಮನೆಮನೆಯನ್ನು ತಲುಪಿತು; ಕೊರತೆಯ ಲೆಕ್ಕ ಕಚೇರಿಗಳಲ್ಲಿಯೇ ಉಳಿಯಿತು.

2020 ಬಂದಾಗ ಏನಾಯಿತು? ಆ ವರ್ಷದ ಮಾರ್ಚ್‌ನಲ್ಲಿ ಲಾಕ್‌ಡೌನ್ ಘೋಷಣೆಯಾದಾಗ ದೇಶದ ಹೆದ್ದಾರಿಗಳಲ್ಲಿ ಕೂಲಿಕಾರರು ಮೂಟೆ ಹೊತ್ತು ಊರಿನತ್ತ ನಡೆದರು. ಮಳೆ ಕೈಕೊಟ್ಟರೆ ಗುಳೆ ಹೋಗುವ ನಮ್ಮ ತಾಲ್ಲೂಕುಗಳಿಗೆ ಆ ನೋವು ಅಪರಿಚಿತವಲ್ಲ. ಎರಡೇ ವರ್ಷಗಳಲ್ಲಿ, 2022ರಲ್ಲಿ, ಭಾರತ ಬ್ರಿಟನ್ನನ್ನು ಹಿಂದಿಕ್ಕಿ ಐದನೆಯ ದೊಡ್ಡ ಆರ್ಥಿಕತೆಯಾಯಿತು. ತಲಾ ಆದಾಯದಲ್ಲಿ ಮಾತ್ರ ನೂರಕ್ಕೂ ಹೆಚ್ಚು ದೇಶಗಳ ಹಿಂದೆಯೇ ಉಳಿಯಿತು. ಎರಡೂ ಸತ್ಯ. ಒಂದನ್ನು ಹೇಳಿ ಇನ್ನೊಂದನ್ನು ಮರೆಮಾಚುವುದು ಆತ್ಮವಿಶ್ವಾಸವಲ್ಲ, ಆತ್ಮವಂಚನೆ.

ಏನೂ ಆಗಿಲ್ಲವೆನ್ನುವುದೂ ತಪ್ಪು. 2012ರಲ್ಲಿ ಸಂಸತ್ತು ಅಂಗೀಕರಿಸಿದ ತಿದ್ದುಪಡಿಯಿಂದ 371(ಜೆ) ವಿಧಿ ಸಂವಿಧಾನಕ್ಕೆ ಸೇರಿತು. 1997ರಲ್ಲಿ ದಾವಣಗೆರೆಗೆ ಸೇರಿದ್ದ ಹರಪನಹಳ್ಳಿ 2018ರಲ್ಲಿ ಬಳ್ಳಾರಿಗೆ ಮರಳಿ ಅದರ ಸವಲತ್ತು ಪಡೆಯಿತು. 2021ರಲ್ಲಿ ವಿಜಯನಗರ ಜಿಲ್ಲೆ ರೂಪುಗೊಂಡಿತು. ಕೊರತೆಯನ್ನು ಗಟ್ಟಿಯಾಗಿ ಹೇಳಿದ ಜನರ ಹೋರಾಟ ಇವುಗಳ ಹಿಂದಿದೆ ಎಂಬುದನ್ನು ಮರೆಯಬಾರದು.

ಈಗ 2047 ಎಂಬ ಹೊಸ ಗಡುವು ನಮ್ಮ ಮುಂದಿದೆ. ನಿಮ್ಮ ಮಕ್ಕಳಿಗೆ ಕಲಾಂ ಅವರ ಪುಸ್ತಕವನ್ನು ಅವಶ್ಯ ಓದಿಸಿರಿ. ಅದರ ಜೊತೆಗೆ ನಮ್ಮ ತಾಲ್ಲೂಕಿನ ಶಾಲೆ, ಆಸ್ಪತ್ರೆ, ಕೆರೆಗಳ ಲೆಕ್ಕವನ್ನೂ ಕೇಳಲು ಕಲಿಸಿರಿ. ಆ ಬಾಲಕಿಯ ಬಯಕೆ ಗುಳೆ ಹೋಗುವ ಕುಟುಂಬದ ಮಗುವಿನ ಬಾಳಿನಲ್ಲೂ ಈಡೇರಿದ ದಿನ, ದೇಶ ಬೆಳೆದಿದೆ ಎಂದು ಯಾರೂ ಸಾರಬೇಕಾಗದು.