ಗುರಾಣಿ ಮರಳಿತು, ಬಾಕಿ ಉಳಿಯಿತು

‘ಕ್ಯಾಪ್ಟನ್ ಅಮೆರಿಕ: ಸಿವಿಲ್ ವಾರ್’ (2016) ಚಿತ್ರದ ಕೊನೆಯ ಕಾಳಗಕ್ಕೂ ಜಗತ್ತನ್ನು ಉಳಿಸುವ ಕೆಲಸಕ್ಕೂ ಸಂಬಂಧವೇ ಇಲ್ಲ. ಸೈಬೀರಿಯಾದಲ್ಲಿ ಹೈಡ್ರಾ ಎಂಬ ಗುಪ್ತ ಸಂಘಟನೆಯ ಹಳೆಯ ನೆಲೆಯಲ್ಲಿ ಹೆಪ್ಪುಗಟ್ಟಿಸಿ ಇಟ್ಟಿದ್ದ ಐವರು ಸೈನಿಕರನ್ನು ಖಳನಾಯಕ ಝೀಮೊ ಆಗಲೇ ಕೊಂದಿದ್ದಾನೆ. ಯಾವ ನಗರವೂ ಉರುಳುತ್ತಿಲ್ಲ, ಯಾವ ಬಾಂಬೂ ಸಿಡಿಯಲು ಕಾದಿಲ್ಲ. ಇರುವುದು 1991ರ ಡಿಸೆಂಬರ್ 16ರ ರಾತ್ರಿ ರಸ್ತೆಬದಿಯ ಕ್ಯಾಮೆರಾದಲ್ಲಿ ದಾಖಲಾದ ಕೊಲೆಯ ವಿಡಿಯೊ ಮಾತ್ರ. ಸತ್ತವರು ಐರನ್ ಮ್ಯಾನ್ ಟೋನಿ ಸ್ಟಾರ್ಕ್‌ನ ತಂದೆತಾಯಿ, ಕೊಂದವನು ಅಲ್ಲೇ ನಿಂತಿರುವ ಬಕಿ, ವಿಷಯ ತಿಳಿದೂ ಬಾಯಿ ಬಿಡದಿದ್ದವನು ಗೆಳೆಯ ಸ್ಟೀವ್ ರೋಜರ್ಸ್, ಅಂದರೆ ಕ್ಯಾಪ್ಟನ್ ಅಮೆರಿಕ; ಬಕಿ ಅವನ ಬಾಲ್ಯದ ಗೆಳೆಯ. ನಿನಗೆ ಗೊತ್ತಿತ್ತೇ ಎಂದು ಟೋನಿ ಕೇಳಿದಾಗ ಸ್ಟೀವ್ ಮೊದಲು ಅರ್ಧ ಉತ್ತರ ಕೊಡುತ್ತಾನೆ: ಕೊಂದವನು ಇವನೆಂದು ಗೊತ್ತಿರಲಿಲ್ಲ. ಟೋನಿ ಬಿಡದೆ ಮತ್ತೆ ಕೇಳಿದ ಮೇಲಷ್ಟೇ ‘ಹೌದು’ ಹೊರಬರುತ್ತದೆ. ಪ್ರಾಮಾಣಿಕತೆಯನ್ನೇ ಮೈಮೇಲೆ ಹೊದ್ದ ನಾಯಕನೊಬ್ಬ ಸಿಕ್ಕಿಬಿದ್ದ ಗಳಿಗೆಯಲ್ಲೂ ಒಂದು ಹೆಜ್ಜೆ ಹಿಂದೆ ಸರಿಯುವುದನ್ನು ಇಷ್ಟು ನೇರವಾಗಿ ತೋರಿಸಿದ ಸೂಪರ್‌ಹೀರೊ ಚಿತ್ರಗಳು ಕಡಿಮೆ. ಮೂರು ವರ್ಷಗಳ ನಂತರ, ಅದೇ ರುಸ್ಸೊ ಸಹೋದರರ ನಿರ್ದೇಶನದ ‘ಅವೆಂಜರ್ಸ್: ಎಂಡ್‌ಗೇಮ್’ ಈ ಮುರಿದ ಸ್ನೇಹವನ್ನು ಜೋಡಿಸಿತೆಂದು ಅಭಿಮಾನಿಗಳು ಕಣ್ಣೊರೆಸಿಕೊಂಡರು. ಅದು ಜೋಡಿಸಿದ್ದು ನಿಜ. ಆದರೆ ಅದು ಜೋಡಿಸಿದ್ದು ನಂಬಿಕೆಯನ್ನು. ಕ್ಷಮೆಯ ಕೆಲಸಕ್ಕೆ ಅದು ಕೈಹಾಕಲೇ ಇಲ್ಲ; ಕೈಹಾಕಿದ್ದೇನೆಂಬ ಭಾವನೆಯನ್ನು ಮಾತ್ರ ಹುಟ್ಟಿಸಿತು. ಅದರ ಬೆಲೆ ತೆತ್ತವರು ಕವಚವೂ ಗುರಾಣಿಯೂ ಇಲ್ಲದ ಜನ.

ಮೊದಲು ಚಿತ್ರಕಥೆಗಾರರಾದ ಕ್ರಿಸ್ಟೋಫರ್ ಮಾರ್ಕಸ್ ಮತ್ತು ಸ್ಟೀಫನ್ ಮ್ಯಾಕ್‌ಫೀಲಿಗೆ ಸಲ್ಲಬೇಕಾದದ್ದನ್ನು ಸಲ್ಲಿಸಬೇಕು. ‘ಸಿವಿಲ್ ವಾರ್’ನ ಕೊನೆಯಲ್ಲಿ ಟೋನಿಯ ಕೈಗೆ ಬರುವ ಸ್ಟೀವ್‌ನ ಪತ್ರ ಒಳ್ಳೆಯ ತಪ್ಪೊಪ್ಪಿಗೆಯ ಮಾದರಿ. ನಿನಗೆ ನೋವಾಗದಿರಲಿ ಎಂದು ಮುಚ್ಚಿಟ್ಟೆ ಅಂದುಕೊಂಡಿದ್ದೆ, ನಿಜವಾಗಿ ನನ್ನನ್ನೇ ಕಾಪಾಡಿಕೊಳ್ಳುತ್ತಿದ್ದೆ ಎಂದು ಅದರಲ್ಲಿ ಸ್ಟೀವ್ ಒಪ್ಪಿಕೊಳ್ಳುತ್ತಾನೆ. ಮಾಡಿದ ತಪ್ಪನ್ನು ಹೆಸರಿಟ್ಟು ಹೇಳುತ್ತಾನೆ, ಅದರ ಹಿಂದಿದ್ದ ಸ್ವಾರ್ಥವನ್ನೂ ಬಿಚ್ಚಿಡುತ್ತಾನೆ, ಎದುರಿನವನಿಂದ ಏನನ್ನೂ ಬೇಡುವುದಿಲ್ಲ. ಜೊತೆಗೆ ಒಂದು ಹಳೆಯ ಮಡಚುವ ಫೋನ್: ಬೇಕೆನಿಸಿದರೆ ಕರೆ, ಬರುತ್ತೇನೆ. ‘ಇನ್ಫಿನಿಟಿ ವಾರ್’ನಲ್ಲಿ (2018) ಟೋನಿ ಅದನ್ನು ಇನ್ನೂ ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿರುವುದು ತಿಳಿಯುತ್ತದೆ. ಹೊರತೆಗೆಯುತ್ತಾನೆ, ಕರೆ ಮಾಡುವಷ್ಟರಲ್ಲಿ ಥಾನೋಸ್‌ನ ದಂಡು ನ್ಯೂಯಾರ್ಕಿಗೆ ಇಳಿಯುತ್ತದೆ. ಕೊನೆಗೆ ಕರೆ ಮಾಡುವವನು ತಂಡದ ಬ್ರೂಸ್ ಬ್ಯಾನರ್. ಎಸೆಯಲೂ ಆಗದ, ಬಳಸಲೂ ಮನಸ್ಸಾಗದ ಆ ಫೋನ್ ಇಬ್ಬರ ಸಂಬಂಧ ಯಾವ ಸ್ಥಿತಿಯಲ್ಲಿತ್ತು ಎಂಬುದನ್ನು ಸಂಭಾಷಣೆಯ ಹಂಗಿಲ್ಲದೆ ಹೇಳಿತು. ಇಡೀ ಚಿತ್ರದಲ್ಲಿ ಇಬ್ಬರೂ ಒಂದೇ ದೃಶ್ಯದಲ್ಲಿ ಎದುರಾಗುವುದಿಲ್ಲ. ಇಲ್ಲಿಯವರೆಗೆ ಬರವಣಿಗೆ ಜಾಣತನದ್ದು.

‘ಎಂಡ್‌ಗೇಮ್’ನಲ್ಲಿ ಎದುರಾದಾಗ ಏನಾಯಿತು? ಅಂತರಿಕ್ಷದಲ್ಲಿ ಸಾವಿನಂಚಿಗೆ ಹೋಗಿ ಬಂದ ಟೋನಿ, ಎಲುಬು ಕಾಣುವಷ್ಟು ಸೊರಗಿ, ಸ್ಟೀವ್‌ನನ್ನು ಎಲ್ಲರೆದುರು ಸುಳ್ಳುಗಾರ ಎನ್ನುತ್ತಾನೆ. ಈ ಒಂದು ಪದದ ಹೊರತು ಅವನ ಸಿಟ್ಟೆಲ್ಲ ಬೇರೆಯದೇ ವಿಷಯದ ಮೇಲೆ. ಸೋತರೂ ಒಟ್ಟಿಗೇ ಸೋಲೋಣ ಎಂದಿದ್ದವನು ನೀನು, ಆದರೆ ನೀನೇ ಅಲ್ಲಿರಲಿಲ್ಲ. ಅಪ್ಪ ಅಮ್ಮನ ಕೊಲೆಯನ್ನು ಮುಚ್ಚಿಟ್ಟ ಆರೋಪ ಸದ್ದಿಲ್ಲದೆ ಹಿಂದೆ ಸರಿದು, ಯುದ್ಧದ ಹೊತ್ತಿಗೆ ಜೊತೆಗಿರಲಿಲ್ಲ ಎಂಬ ಆರೋಪ ಅದರ ಜಾಗಕ್ಕೆ ಬರುತ್ತದೆ. ಎರಡನೆಯದನ್ನು ಸರಿಪಡಿಸುವುದು ಸುಲಭ, ಮುಂದಿನ ಯುದ್ಧಕ್ಕೆ ಬಂದರಾಯಿತು. ಮೊದಲನೆಯದಕ್ಕೆ ಕೂತು ಮಾತಾಡಬೇಕಾಗುತ್ತದೆ. ಐದು ವರ್ಷಗಳ ಬಳಿಕ ಟೋನಿ ಕಾರಿನಲ್ಲಿ ಬಂದಿಳಿಯುತ್ತಾನೆ. ಮನಸ್ಸಿನಲ್ಲಿಟ್ಟುಕೊಂಡ ಕಹಿ ತನ್ನನ್ನೇ ತಿನ್ನುತ್ತಿದೆ, ತನಗೆ ನೆಮ್ಮದಿ ಬೇಕು ಎನ್ನುತ್ತಾನೆ. ಕಾಲದಲ್ಲಿ ಹಿಂದಕ್ಕೆ ಹೋಗಿ, ಥಾನೋಸ್ ಅಳಿಸಿಹಾಕಿದವರನ್ನು ಮರಳಿ ತರೋಣ, ಆದರೆ ಈ ಐದು ವರ್ಷಗಳಲ್ಲಿ ತಾನು ಪಡೆದದ್ದನ್ನು, ಅಂದರೆ ಮಗಳನ್ನು, ಬಿಟ್ಟುಕೊಡುವುದಿಲ್ಲ ಎಂಬ ಷರತ್ತು ಹಾಕುತ್ತಾನೆ. ಸ್ಟೀವ್ ಒಪ್ಪಿ ಕೈ ಕುಲುಕುತ್ತಾನೆ. ಆಮೇಲೆ ಡಿಕ್ಕಿಯಿಂದ, ಸೈಬೀರಿಯಾದಲ್ಲಿ ಸ್ಟೀವ್ ಬಿಟ್ಟುಹೋಗಿದ್ದ ಗುರಾಣಿ ಹೊರಬರುತ್ತದೆ. ಮಗಳು ಅದನ್ನು ಜಾರುಬಂಡೆಯಾಟಕ್ಕೆ ಒಯ್ಯುವ ಮೊದಲು ತೆಗೆದುಕೊಂಡುಬಿಡು ಎಂಬ ತಮಾಷೆಯೂ ಬರುತ್ತದೆ. ಇದು ಕೊಡುಕೊಳ್ಳುವಿಕೆಯ ಕರಾರು. ನಂಬಿಕೆ ಮತ್ತೆ ಕಟ್ಟಿಕೊಳ್ಳುವುದು ಹೀಗೆಯೇ ಎಂಬುದನ್ನು ಚಿತ್ರ ಸರಿಯಾಗಿ ಹಿಡಿದಿದೆ. ಸಣ್ಣ ಷರತ್ತು, ಸ್ಪಷ್ಟ ಗುರಿ, ಒಟ್ಟಿಗೆ ಮಾಡುವ ಕೆಲಸ, ಆ ಕೆಲಸದಲ್ಲಿ ತೋರುವ ನಡತೆ. 2012ರ ನ್ಯೂಯಾರ್ಕಿನಲ್ಲಿ ಯೋಜನೆ ಕೈಕೊಟ್ಟು, ಮರಳಿ ಬರುವ ದಾರಿಯೂ ಖಾತ್ರಿಯಿಲ್ಲದೆ ಇನ್ನೂ ಹಿಂದಿನ ಕಾಲಕ್ಕೆ ಜಿಗಿಯಬೇಕಾದಾಗ, ನಂಬಿಕೆ ಇದೆಯೇ ಎಂಬ ಪ್ರಶ್ನೆ, ಇದೆ ಎಂಬ ಉತ್ತರ ಇಬ್ಬರ ನಡುವೆ ಹಾದುಹೋಗುತ್ತವೆ. ಆ ಉತ್ತರ ದುಡಿದು ಗಳಿಸಿದ್ದು ಎಂದು ಪ್ರೇಕ್ಷಕನಿಗೂ ಅನ್ನಿಸುತ್ತದೆ.

ಆದರೆ ಆ ಜಿಗಿತ ಅವರನ್ನು ಎಲ್ಲಿಗೆ ಒಯ್ಯುತ್ತದೆ ನೋಡಿ. 1970ರ ನ್ಯೂಜೆರ್ಸಿ, ಕ್ಯಾಂಪ್ ಲೀಹೈ. ‘ದಿ ವಿಂಟರ್ ಸೋಲ್ಜರ್’ನಲ್ಲಿ (2014) ಇದೇ ಶಿಬಿರದ ನೆಲಮಾಳಿಗೆಯಲ್ಲಿ, ಕಂಪ್ಯೂಟರಿನೊಳಗೆ ಬದುಕಿದ್ದ ಹೈಡ್ರಾ ವಿಜ್ಞಾನಿ ಝೋಲಾ, ಸ್ಟಾರ್ಕ್ ದಂಪತಿಯನ್ನು ಕೊಂದದ್ದು ಹೈಡ್ರಾ ಎಂದು ಸ್ಟೀವ್‌ಗೆ ತೋರಿಸಿಕೊಟ್ಟಿದ್ದ. (ಆಗ ಪಕ್ಕದಲ್ಲಿ ತಂಡದ ನತಾಶಾ ಕೂಡ ಇದ್ದಳು. ಅವಳೂ ಟೋನಿಗೆ ಹೇಳಲಿಲ್ಲ. ಅದನ್ನು ಯಾವ ಚಿತ್ರವೂ ಯಾರಿಂದಲೂ ಕೇಳಿಸಲಿಲ್ಲ.) ಸುಳ್ಳು ಹುಟ್ಟಿದ ಜಾಗಕ್ಕೇ ಸುಳ್ಳಾಡಿದವನನ್ನೂ ಮೋಸಹೋದವನನ್ನೂ ಒಟ್ಟಿಗೆ ಕರೆತಂದ ಮೇಲೆ ಕಥೆಗಾರ ಇನ್ನೇನು ಅವಕಾಶ ಕೇಳಬೇಕು? ಅಲ್ಲಿ ಟೋನಿಗೆ ಜೀವಂತ ತಂದೆ ಸಿಗುತ್ತಾನೆ, ಹೆಂಡತಿ ತುಂಬು ಬಸುರಿ ಎನ್ನುತ್ತಾನೆ. ಅಷ್ಟೇ ಅಲ್ಲ, ಹೊವರ್ಡ್ ಸ್ಟಾರ್ಕ್ ಆ ಹೊತ್ತಿಗೆ ಹುಡುಕಿಕೊಂಡು ಬಂದಿರುವುದು ಡಾಕ್ಟರ್ ಝೋಲಾನನ್ನು! ಮುಂದೆ ತನ್ನನ್ನು ಕೊಲ್ಲಲಿರುವ ಸಂಘಟನೆಯವನನ್ನು ಕಂಡಿರಾ ಎಂದು ಅವನು ಕೇಳುವುದು ತನ್ನ ಮಗನನ್ನೇ. ಹೆಸರು ಚಿತ್ರಕಥೆಯಲ್ಲಿದೆ, ಸ್ಥಳ ಚಿತ್ರಕಥೆಯಲ್ಲಿದೆ, ಮೂವರು ಸಂಬಂಧಪಟ್ಟವರಲ್ಲಿ ಇಬ್ಬರು ಅದೇ ಆವರಣದಲ್ಲಿದ್ದಾರೆ. ಆಗ ಚಿತ್ರ ಇಬ್ಬರನ್ನೂ ಬೇರೆ ಬೇರೆ ಕೋಣೆಗಳಿಗೆ ಕಳಿಸಿಬಿಡುತ್ತದೆ. ಟೋನಿ ಅಪ್ಪನನ್ನು ತಬ್ಬಿ ಕೃತಜ್ಞತೆ ಹೇಳುತ್ತಾನೆ, ಸ್ಟೀವ್ ಗಾಜಿನಾಚೆಗಿನ ಹಳೆಯ ಪ್ರೇಯಸಿ ಪೆಗ್ಗಿಯನ್ನು ನೋಡುತ್ತಾ ನಿಲ್ಲುತ್ತಾನೆ. ಇಬ್ಬರ ಸ್ವಂತ ದುಃಖಕ್ಕೂ ಸಾಂತ್ವನ ಸಿಕ್ಕಿತು. ಇಬ್ಬರ ನಡುವಿನ ದುಃಖದ ಪ್ರಸ್ತಾಪವೇ ಬರಲಿಲ್ಲ. ಮೂರು ಗಂಟೆಯ ಚಿತ್ರದಲ್ಲಿ ಇದಕ್ಕೆ ಸಮಯವಿರಲಿಲ್ಲ ಎನ್ನುವುದನ್ನು ನಾನು ಒಪ್ಪಲಾರೆ.

ಇದಕ್ಕೆ ಒಂದು ಗಟ್ಟಿ ಆಕ್ಷೇಪವಿದೆ. ಎಲ್ಲವನ್ನೂ ಬಾಯಲ್ಲಿ ಆಡಿಯೇ ತೀರಬೇಕೆ? ಒಟ್ಟಿಗೆ ಬೆಳೆದ ಎಷ್ಟೋ ಗಂಡಸರ ನಡುವೆ ರಾಜಿಯೆಂದರೆ ಮರುದಿನ ಬಂದು ಕೆಲಸಕ್ಕೆ ಹೆಗಲು ಕೊಡುವುದೇ. ಗುರಾಣಿ ಹಿಂತಿರುಗಿಸುವುದಕ್ಕಿಂತ ದೊಡ್ಡ ಮಾತು ಯಾವುದು? ಮೇಲಾಗಿ ಟೋನಿ ಕೊನೆಗೆ ಪ್ರಾಣವನ್ನೇ ಕೊಟ್ಟ, ಅದಕ್ಕಿಂತ ಮಿಗಿಲಾದ ತೀರುವಳಿ ಉಂಟೆ? ಮೊದಲ ಭಾಗದಲ್ಲಿ ಸತ್ಯವಿದೆ, ಸ್ಟೀವ್ ಮತ್ತು ಟೋನಿಯ ಮಟ್ಟಿಗೆ ಆ ಮೌನವನ್ನು ನಾನು ಒಪ್ಪಿಕೊಳ್ಳಬಲ್ಲೆ. ಆದರೆ ಆ ಮೌನ ಬಕಿಗೆ ಹೊಂದುವುದಿಲ್ಲ. ಸೈಬೀರಿಯಾದಲ್ಲಿ ಟೋನಿ ಅವನನ್ನು ಕೇಳಿದ್ದ, ಅವರು ನಿನಗೆ ನೆನಪಾದರೂ ಇದ್ದಾರೆಯೇ ಎಂದು. ಎಲ್ಲರೂ ನೆನಪಿದ್ದಾರೆ ಎಂದು ಬಕಿ ಉತ್ತರಿಸಿದ್ದ. ಅಲ್ಲಿಂದಾಚೆ ಈ ಇಬ್ಬರ ನಡುವೆ ಚಿತ್ರಗಳು ಒಂದು ಮಾತನ್ನೂ ಇಡಲಿಲ್ಲ. ಬಕಿ ಕೊನೆಗೆ ಟೋನಿಯ ಅಂತ್ಯಕ್ರಿಯೆಗೆ ಬಂದು ಸಾಲಿನಲ್ಲಿ ನಿಲ್ಲುತ್ತಾನೆ, ಅಷ್ಟೆ. ಇನ್ನು ಪ್ರಾಣತ್ಯಾಗದ ಮಾತು. ಜಗತ್ತಿಗಾಗಿ ಸತ್ತವನು ದೊಡ್ಡವನು, ನಿಜ. ಹಾಗೆಂದು ಅವನು ಅನ್ಯಾಯ ಮಾಡಿದ ನಿರ್ದಿಷ್ಟ ಮನುಷ್ಯರ ಋಣ ತಾನಾಗಿ ತೀರುವುದಿಲ್ಲ. ಅವರಿಗೆ ಹೇಳಬೇಕಾದದ್ದನ್ನು ಅವನು ಹೇಳದೆಯೇ ಸತ್ತ.

ಯಾರು ಆ ಮನುಷ್ಯರು? ‘ಸಿವಿಲ್ ವಾರ್’ ತಾನೇ ಅವರನ್ನು ಪರದೆಗೆ ತಂದಿತ್ತು. ವಿಶ್ವವಿದ್ಯಾಲಯದ ಕಾರಿಡಾರಿನಲ್ಲಿ ಆಲ್ಫ್ರೆ ವುಡರ್ಡ್ ನಟಿಸಿದ ತಾಯಿಯೊಬ್ಬಳು ಟೋನಿಯನ್ನು ತಡೆದು, ಸೊಕೋವಿಯಾದಲ್ಲಿ ಸತ್ತ ಮಗ ಚಾರ್ಲಿಯ ಚಿತ್ರವನ್ನು ಅವನ ಎದೆಗೆ ಒತ್ತಿ, ಇದಕ್ಕೆ ನೀನೇ ಹೊಣೆ ಎನ್ನುತ್ತಾಳೆ. ಸೊಕೋವಿಯಾ ನಾಶವಾದದ್ದು ಟೋನಿಯೂ ಬ್ಯಾನರನೂ ಹುಟ್ಟುಹಾಕಿದ ಅಲ್ಟ್ರಾನ್‌ನಿಂದ, ಹಾಗಾಗಿ ಅವಳ ಆರೋಪದಲ್ಲಿ ತಪ್ಪಿಲ್ಲ. ಟೋನಿ ಏನು ಮಾಡುತ್ತಾನೆ? ಚಾರ್ಲಿಯ ಚಿತ್ರವನ್ನು ತಂಡದ ಮುಂದೆ ತೋರಿಸಿ, ಅವೆಂಜರ್ಸ್ ತಂಡಕ್ಕೆ ಅಂಕುಶ ಹಾಕುವ, 117 ದೇಶಗಳು ಒಪ್ಪಿದ ಕರಾರಿಗೆ ಎಲ್ಲರೂ ಸಹಿ ಹಾಕಬೇಕೆನ್ನುತ್ತಾನೆ. ತನ್ನ ತಲೆಯ ಮೇಲಿನ ಹೊಣೆಯನ್ನು ತಂಡದ ಹತ್ತು ತಲೆಗಳಿಗೆ ಹಂಚುವ ಈ ಚಾಲಾಕಿಯನ್ನು ಚಿತ್ರ ಅರ್ಧ ಗುರುತಿಸಿ ಅರ್ಧ ಮರೆಯುತ್ತದೆ. ಲಾಗೋಸ್‌ನಲ್ಲಿ ಸತ್ತ ವಕಾಂಡಾದ ಸೇವಾಕಾರ್ಯಕರ್ತರ ಕಥೆಯೂ ಅಷ್ಟೆ. ಅವರ ಸಾವು, ಅದಕ್ಕೆ ಕಾರಣಳಾದ ತಂಡದ ವಾಂಡಾಳ ಮನೋವ್ಯಥೆಗೆ ನೆಪವಾಗಿ ಉಳಿಯುತ್ತದೆ. ಕೊನೆಗೆ ಆ ಕರಾರು ಏನಾಯಿತೆಂದು ತಿಳಿಯಬೇಕಾದರೆ ‘ಶೀ-ಹಲ್ಕ್’ (2022) ಎಂಬ ಹಾಸ್ಯ ಧಾರಾವಾಹಿಯ ಕೋರ್ಟ್ ದೃಶ್ಯದವರೆಗೆ ಕಾಯಬೇಕು. ಅದು ರದ್ದಾಗಿದೆ ಎಂಬ ಸುದ್ದಿ ಅಲ್ಲಿ ಮಾತಿನ ನಡುವೆ ಬಂದುಹೋಗುತ್ತದೆ.

ಮೂಲದ ಕಾಮಿಕ್ಸ್ ಈ ವಿಷಯದಲ್ಲಿ ಇದಕ್ಕಿಂತ ಧೈರ್ಯದ್ದು. ಮಾರ್ಕ್ ಮಿಲ್ಲರ್ ಬರೆದು ಸ್ಟೀವ್ ಮ್ಯಾಕ್‌ನಿವನ್ ಚಿತ್ರಿಸಿದ ‘ಸಿವಿಲ್ ವಾರ್’ನಲ್ಲಿ (2006–07) ಸ್ಟೀವ್ ಗೆಲ್ಲುವ ಹಂತದಲ್ಲಿರುತ್ತಾನೆ. ಆಗ ಅಗ್ನಿಶಾಮಕ ದಳದವರೂ ಪೊಲೀಸರೂ ಸೇರಿದ ಸಾಮಾನ್ಯರ ಗುಂಪೊಂದು ಅವನ ಮೇಲೆ ಬಿದ್ದು ಹಿಡಿದುಕೊಳ್ಳುತ್ತದೆ. ಸುತ್ತಲಿನ ಹಾಳು ಅವನ ಕಣ್ಣಿಗೆ ಬೀಳುತ್ತದೆ, ಮುಖವಾಡ ತೆಗೆದು ಶರಣಾಗುತ್ತಾನೆ. ತೀರ್ಪು ಅಲ್ಲಿ ಬೀದಿಯವರದ್ದು. ಚಿತ್ರದಲ್ಲಿ ಬೀದಿಯವರ ಪರವಾಗಿ ಕೊನೆಯವರೆಗೆ ಉಳಿಯುವವನು ಝೀಮೊ ಒಬ್ಬನೇ. ತಂದೆ, ಹೆಂಡತಿ, ಮಗನನ್ನು ಸೊಕೋವಿಯಾದಲ್ಲಿ ಕಳೆದುಕೊಂಡವನು. ಅವನ ಕೈಯಲ್ಲಿ ಬಾಂಬು ಕೊಟ್ಟು ಕೊಲೆಗಾರನನ್ನಾಗಿಸಿದ್ದರಿಂದ ಅವನ ದೂರಿಗೆ ಉತ್ತರ ಕೊಡುವ ಕಷ್ಟ ಚಿತ್ರಕ್ಕೆ ತಪ್ಪಿತು. ಆದರೂ ಆ ಚಿತ್ರದ ಅತ್ಯಂತ ಪ್ರೌಢ ದೃಶ್ಯ ಇರುವುದು ಝೀಮೊ ಮತ್ತು ವಕಾಂಡಾದ ರಾಜ ಟಿಚಾಲಾ ಹಿಮದ ನಡುವೆ ಮಾತಾಡುವಲ್ಲಿ. ತನ್ನ ತಂದೆಯನ್ನು ಕೊಂದವನ ಕಥೆಯನ್ನು ಟಿಚಾಲಾ ಪೂರ್ತಿ ಕೇಳುತ್ತಾನೆ, ಕವಚದ ಉಗುರುಗಳನ್ನು ಒಳಕ್ಕೆಳೆದುಕೊಳ್ಳುತ್ತಾನೆ. ಝೀಮೊ ತನಗೇ ಗುಂಡಿಟ್ಟುಕೊಳ್ಳಲು ಹೋದಾಗ ತಡೆಯುತ್ತಾನೆ, ಬದುಕಿರುವವರಿಗೆ ನೀನಿನ್ನೂ ಲೆಕ್ಕ ಒಪ್ಪಿಸಬೇಕಿದೆ ಎಂಬರ್ಥದ ಮಾತಾಡಿ ಕಾನೂನಿಗೆ ಒಪ್ಪಿಸುತ್ತಾನೆ. ಸೇಡು ಬಿಟ್ಟ, ಹೊಣೆ ಬಿಡಲಿಲ್ಲ. ಅವನನ್ನು ಕ್ಷಮಿಸಿದೆನೆಂದೂ ಹೇಳಲಿಲ್ಲ. ಇಷ್ಟು ಸೂಕ್ಷ್ಮವಾದ ಭೇದ ಈ ಬರಹಗಾರರಿಗೆ ತಿಳಿದಿತ್ತು ಎಂಬುದಕ್ಕೆ ಇದೇ ಪುರಾವೆ.

ಹಾರುವ ಮನುಷ್ಯರ ಕಥೆಯಲ್ಲಿ ಇಷ್ಟೆಲ್ಲ ನೀತಿವಿಚಾರ ಹುಡುಕುವುದು ಅತಿಯಲ್ಲವೇ ಎನ್ನುವವರಿಗೆ ಉತ್ತರ ಚಿಕ್ಕದು: ಪ್ರಶ್ನೆ ಎತ್ತಿದ್ದು ಚಿತ್ರವೇ. ಇನ್ನೊಂದು ವಾದ ಗಂಭೀರವಾದದ್ದು. ಬಕಿಯ ಮೆದುಳನ್ನು ಹೈಡ್ರಾ ತೊಳೆದಿತ್ತು, ಅವನ ಕೈ ಕೊಂದಿತೇ ಹೊರತು ಅವನಲ್ಲ. ತಪ್ಪೇ ಇಲ್ಲದವನು ಕ್ಷಮೆ ಏಕೆ ಕೇಳಬೇಕು? ನ್ಯಾಯಾಲಯದಲ್ಲಿ ಈ ವಾದ ನಿಲ್ಲಬಹುದು, ನಿಲ್ಲಲೂ ಬೇಕು. ಆದರೆ ಸತ್ತವರ ಮನೆಯವರಿಗೆ ಮೊದಲು ಬೇಕಾಗುವುದು ನಡೆದದ್ದೇನು ಎಂಬ ನಿಜ. ಅದನ್ನು ಹೇಳಬಲ್ಲವನು ಅವನೊಬ್ಬನೇ ಆಗಿರುವಾಗ, ತಪ್ಪಿಲ್ಲದಿದ್ದರೂ ಹೇಳುವ ಹೊಣೆ ಅವನದೇ. ಸ್ಯಾಮ್ ರೈಮಿಯ ‘ಸ್ಪೈಡರ್-ಮ್ಯಾನ್ 3’ (2007) ಹಲವು ಕಡೆ ಎಡವಿದ ಚಿತ್ರ, ಆದರೆ ಇಲ್ಲಿ ಎಡವಲಿಲ್ಲ. ಅಂಕಲ್ ಬೆನ್‌ನ ಸಾವಿಗೆ ಕಾರಣನಾದ ಫ್ಲಿಂಟ್ ಮಾರ್ಕೊ, ಆ ರಾತ್ರಿ ನಡೆದದ್ದನ್ನು ಪೀಟರ್‌ನ ಎದುರೇ ನಿಂತು ಹೇಳುತ್ತಾನೆ. ಕ್ಷಮೆ ಕೇಳುತ್ತಿಲ್ಲ, ಅರ್ಥ ಮಾಡಿಕೊಂಡರೆ ಸಾಕು ಎನ್ನುತ್ತಾನೆ. ಪೀಟರ್ ಕ್ಷಮಿಸುತ್ತಾನೆ, ಮಾರ್ಕೊ ಮರಳಾಗಿ ಗಾಳಿಯಲ್ಲಿ ಹೊರಟುಹೋಗುತ್ತಾನೆ. ಇಬ್ಬರೂ ಮುಂದೆ ಗೆಳೆಯರಾಗುವುದಿಲ್ಲ, ಒಬ್ಬರನ್ನೊಬ್ಬರು ನಂಬುವ ಪ್ರಸಂಗವೂ ಬರುವುದಿಲ್ಲ. ‘ಎಂಡ್‌ಗೇಮ್’ಗೆ ಇದು ನೇರ ವಿರುದ್ಧ: ಇಲ್ಲಿ ನಂಬಿಕೆಯಿಲ್ಲದ ಕ್ಷಮೆ, ಅಲ್ಲಿ ಕ್ಷಮೆಯಿಲ್ಲದ ನಂಬಿಕೆ.

ಬಕಿಗೆ ಆ ಅವಕಾಶ ಸಿಕ್ಕಿದ್ದು ‘ದಿ ಫಾಲ್ಕನ್ ಅಂಡ್ ದಿ ವಿಂಟರ್ ಸೋಲ್ಜರ್’ (2021) ಧಾರಾವಾಹಿಯಲ್ಲಿ. ತಾನು ಕೊಂದ ಯುವಕನ ವೃದ್ಧ ತಂದೆ ಯೋರಿಯ ಸ್ನೇಹ ಸಂಪಾದಿಸಿ, ಜೊತೆಯಲ್ಲಿ ಕೂತು ಉಣ್ಣುತ್ತಾ, ಸತ್ಯ ಮಾತ್ರ ಹೇಳದೆ ದಿನ ದೂಡುತ್ತಾನೆ. ಸ್ಟೀವ್ ಟೋನಿಗೆ ಮಾಡಿದ್ದನ್ನೇ ಇವನು ಯೋರಿಗೆ ಮಾಡುತ್ತಿದ್ದಾನೆ. ಅನ್ಯಾಯಕ್ಕೊಳಗಾದವರ ಪಟ್ಟಿಯಿರುವ ಡೈರಿಯಲ್ಲಿ ಹೆಸರು ಹೊಡೆದುಹಾಕುವುದರಿಂದ ನಿನಗಷ್ಟೇ ಹಗುರ, ಅವರಿಗೆ ಏನು ಬೇಕೋ ಅದನ್ನು ಕೊಡು ಎಂದು ಜೊತೆಗಾರ ಫಾಲ್ಕನ್, ಅಂದರೆ ಸ್ಯಾಮ್, ತಿದ್ದುತ್ತಾನೆ. ಕೊನೆಯ ಕಂತಿನಲ್ಲಿ ಬಕಿ ಹೋಗಿ ಹೇಳುತ್ತಾನೆ: ನಿಮ್ಮ ಮಗ ಕೊಲೆಯಾದ, ಕೊಂದವನು ನಾನು. ಏಕೆ ಎಂದು ಯೋರಿ ಕೇಳಿದಾಗ, ನನ್ನ ಕೈಯಲ್ಲಿ ಇರಲಿಲ್ಲ ಎನ್ನುತ್ತಾನೆ. ಯೋರಿ ಕ್ಷಮಿಸುವುದನ್ನು ನಮಗೆ ತೋರಿಸುವುದಿಲ್ಲ, ತೋರಿಸದಿರುವುದೇ ಸರಿ; ಅದು ಅವನಿಗೆ ಬಿಟ್ಟದ್ದು. ಆರು ಕಂತುಗಳ ಆ ಧಾರಾವಾಹಿಯಲ್ಲಿ ಖಳಪಾತ್ರ ಸೊರಗಿದೆ, ಕೊನೆಯ ಭಾಷಣ ಉದ್ದವಾಯಿತು, ಹೊಡೆದಾಟಗಳು ನೆನಪಿನಲ್ಲಿ ಉಳಿಯುವುದಿಲ್ಲ. ಆದರೂ ಈ ಒಂದು ವಿಷಯದಲ್ಲಿ ಅದು ‘ಎಂಡ್‌ಗೇಮ್’ಗಿಂತ ಮೇಲು.