ತಿರುಗಾಟದ ನಗು

ಸ್ಟ್ಯಾಂಡ್-ಅಪ್ ಕಲಾವಿದರು ಹೊಸ ಸರಕನ್ನು ಸಣ್ಣ ಸಭೆಗಳಲ್ಲಿ ಪರೀಕ್ಷಿಸಿ ದೊಡ್ಡ ವೇದಿಕೆಗೆ ತರುತ್ತಾರೆ. ಮಂಗಳೂರಿನ ಸುತ್ತ ತೆಂಕುತಿಟ್ಟು ಯಕ್ಷಗಾನದ ಹಾಸ್ಯಗಾರನಿಗೆ ಆ ರಿಯಾಯಿತಿ ಇಲ್ಲ. ಅವನ ಪ್ರಯೋಗ, ಪ್ರದರ್ಶನ ಎರಡೂ ಒಂದೇ ರಾತ್ರಿ, ಒಂದೇ ರಂಗಸ್ಥಳದಲ್ಲಿ.

ಕಟೀಲಿನಂಥ ಮೇಳಗಳು ಮೇ ಕೊನೆಗೆ, ತಿರುಗಾಟ ಮುಗಿಯುವ ಪತ್ತನಾಜೆಯವರೆಗೂ ಊರೂರು ತಿರುಗುತ್ತವೆ. ಪದ್ಯ ಪ್ರಸಂಗಕರ್ತನದು, ಹಾಡು ಭಾಗವತರದು. ಮಾತು ಮಾತ್ರ ವೇಷಧಾರಿಯದೇ. ನಳದಮಯಂತಿಯ ಬಾಹುಕನಾಗಲಿ, ಕಂಸವಧೆಯ ರಜಕನಾಗಲಿ, ಹಾಸ್ಯಗಾರ ಅದೇ ಪದ್ಯಕ್ಕೆ ಆ ಊರಿನ ಹೊಂಡ, ಬಸ್ಸು, ಸೆಕೆಗಳನ್ನು ಅಂಟಿಸುತ್ತಾನೆ. ನಗು ಬಿದ್ದರೆ ಮಾತು ಮುಂದಿನ ಊರಿಗೂ ಹೋಗುತ್ತದೆ. ಬೀಳದಿದ್ದರೆ? ಅಲ್ಲೇ ಕುಳಿತ ಭಾಗವತರು ಒಂದು ಪ್ರಶ್ನೆ ಎಸೆದು ಪಾರುಮಾಡುತ್ತಾರೆ. ಇಂಥ ಜೊತೆಗಾರ ಒಂಟಿ ಮೈಕಿನ ಕಲಾವಿದನಿಗೆ ಎಲ್ಲಿ ಸಿಗಬೇಕು!

ಪಾತ್ರದ ಅಂಕೆ ಮೀರಿದರೆ ಅಪಹಾಸ್ಯ, ಮೀರದಿದ್ದರೆ ಸಪ್ಪೆ. ಈ ಅಂದಾಜು ಯಾವ ಪ್ರಸಂಗ ಪುಸ್ತಕದಲ್ಲೂ ಇರುವುದಿಲ್ಲ.

ರಂಗದಲ್ಲೇ ಮಾತು ಕಟ್ಟುವುದರಲ್ಲಿ ತುಳು ನಾಟಕದವರೂ ಇದೇ ದಾರಿಯವರು. ನಟ ಅರವಿಂದ ಬೋಳಾರ್ ಯಕ್ಷಗಾನದಲ್ಲೂ ನಗಿಸಿದವರು. ಅವರೂ ನವೀನ್ ಡಿ. ಪಡೀಲ್ ಅವರೂ ಇದ್ದ ‘ಒರಿಯರ್ದೊರಿ ಅಸಲ್’ ನಾಟಕವಾಗಿ ಗೆದ್ದ ಮೇಲೆ 2011ರಲ್ಲಿ ಸಿನಿಮಾ ಆಯಿತು. ಸಿನಿಮಾ ಒಂದು ಟೇಕನ್ನು ಹಿಡಿದಿಡುತ್ತದೆ. ರಂಗದ ಮೇಲಾದರೆ ನಗು ನಿಲ್ಲುವವರೆಗೆ ಕಾಯಬಹುದು, ಕಾಯುತ್ತಲೇ ಮುಂದಿನ ಮಾತನ್ನು ಬದಲಿಸಲೂಬಹುದು.