ತಪ್ಪುತ್ತರದ ಪಕ್ಕ ಕೂಡುವ ಮಾಸ್ತರರು

ದ್ವಿತೀಯ ಪಿಯು ಪರೀಕ್ಷೆ ಮುಗಿದು ಸಿಇಟಿ ಬರುವಷ್ಟರಲ್ಲಿ ಮೂರೋ ನಾಲ್ಕೋ ವಾರ ಸಿಗುತ್ತವೆ. ಆ ವಾರಗಳಲ್ಲಿ ಧಾರವಾಡದ ಸಪ್ತಾಪುರದ ಓಣಿಗಳಲ್ಲಿ ನೌಕರಿ ಪರೀಕ್ಷೆಗೆ ಓದುವವರ ಜೊತೆಗೆ ಹದಿನೇಳು ಹದಿನೆಂಟರ ಮಕ್ಕಳೂ ತುಂಬಿಕೊಳ್ಳುತ್ತಾರೆ. ಅಷ್ಟು ಮಕ್ಕಳ ಕ್ರ್ಯಾಶ್ ಕೋರ್ಸಿಗೆ ತರಬೇತಿ ಕೇಂದ್ರಗಳ ಕಾಯಂ ಮಾಸ್ತರರು ಸಾಲುವುದಿಲ್ಲ. ಆಗ ಎಂ.ಎಸ್ಸಿ. ಓದುತ್ತಿರುವವರಿಗೆ, ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿರುವವರಿಗೆ, ಬೆಳಿಗ್ಗೆ ಎಲ್ಲೋ ಅತಿಥಿ ಉಪನ್ಯಾಸಕರಾಗಿದ್ದು ಸಂಜೆ ಬಿಡುವಿರುವವರಿಗೆ ಕರೆ ಬರುತ್ತದೆ. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದುತ್ತಿದ್ದ ಎರಡು ವರ್ಷ ನನಗೂ ಬಂತು. ಗಂಟೆಗೆ 200 ರೂಪಾಯಿ. ಹಾಸ್ಟೆಲ್ ಮೆಸ್ಸಿನ ಖರ್ಚು ಅದರಲ್ಲೇ ನೀಗುತ್ತಿತ್ತು.

ಈ ಕೆಲಸವನ್ನು ನಮ್ಮಲ್ಲಿ ಯಾರೂ ವಿಮರ್ಶೆಗೆ ಎತ್ತಿಕೊಂಡಂತೆ ಕಾಣುವುದಿಲ್ಲ. ತರಬೇತಿ ಉದ್ಯಮದ ಬಗ್ಗೆ ಬೇಕಾದಷ್ಟು ಸಿಟ್ಟು ಇದೆ, ರ್‍ಯಾಂಕಿನ ಫ್ಲೆಕ್ಸುಗಳ ಬಗ್ಗೆ ಸಂಪಾದಕೀಯಗಳಿವೆ. ಆದರೆ ಆ ಫ್ಲೆಕ್ಸಿನ ಹಿಂದಿನ ಕೋಣೆಯಲ್ಲಿ ಸಂಜೆ ಆರರಿಂದ ಎಂಟರವರೆಗೆ ಬೋರ್ಡಿನ ಮುಂದೆ ನಿಂತವರು ಏನು ಕಲಿಸುತ್ತಾರೆ, ಅದರಲ್ಲಿ ಯಾವುದು ವಿದ್ಯೆ, ಯಾವುದು ಬರೀ ಉಪಾಯ ಎಂದು ಹತ್ತಿರದಿಂದ ನೋಡಿದವರು ಕಡಿಮೆ. ಒಳಗಿದ್ದು ಬಂದವನಾಗಿ ಅದನ್ನು ಬರೆಯುತ್ತಿದ್ದೇನೆ.

ಮೊದಲು ಪರೀಕ್ಷೆಯ ಲೆಕ್ಕ. ಸಿಇಟಿಯಲ್ಲಿ ಒಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ಒಂದು ಪ್ರಶ್ನೆಗೆ 80 ಸೆಕೆಂಡು. ತಪ್ಪಾದರೆ ಅಂಕ ಕಳೆಯುವುದಿಲ್ಲ. ವೈದ್ಯಕೀಯ ಪ್ರವೇಶದ ನೀಟ್‌ನಲ್ಲಿ 180 ಪ್ರಶ್ನೆಗೆ 180 ನಿಮಿಷ. ಸರಿಯಾದರೆ 4 ಅಂಕ, ತಪ್ಪಾದರೆ ಒಂದು ಹೋಗುತ್ತದೆ. ಈ ನಿಯಮಗಳಿಂದಲೇ ಕೆಲವು ಉಪಾಯಗಳು ಹುಟ್ಟುತ್ತವೆ. ಸಿಇಟಿಯಲ್ಲಿ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬಾರದು. ನೀಟ್‌ನಲ್ಲಿ ನಾಲ್ಕರಲ್ಲಿ ಒಂದು ಆಯ್ಕೆ ಖಂಡಿತ ತಪ್ಪೆಂದು ಗೊತ್ತಾದರೆ ಉಳಿದ ಮೂರರಲ್ಲಿ ಊಹಿಸುವುದು ಲಾಭ: ಅಂಥ ಮೂರು ಊಹೆಯಲ್ಲಿ ಸರಾಸರಿ ಒಂದು ಸರಿ, ಎರಡು ತಪ್ಪು, ನಾಲ್ಕು ಬಂದು ಎರಡು ಹೋಗುತ್ತವೆ. ಇದನ್ನು ಮಕ್ಕಳಿಗೆ ಹೇಳುವುದು ಮೋಸವೇನಲ್ಲ. ಆಟದ ನಿಯಮ ಎಲ್ಲ ಆಟಗಾರರಿಗೂ ಗೊತ್ತಿರಬೇಕು. ಊರಲ್ಲಿ ಹೇಳುವವರಿಲ್ಲದ ಹುಡುಗನಿಗೆ ಅದು ಇನ್ನೂ ಮುಖ್ಯ. ಆದರೆ ಇಷ್ಟನ್ನು ಹೇಳಲು ಹತ್ತು ನಿಮಿಷ ಸಾಕು. ನಾನು ಕಂಡ ಕೇಂದ್ರದಲ್ಲಿ ಇದಕ್ಕೆ ವಾರಗಟ್ಟಲೆ ಹೋಗುತ್ತಿತ್ತು, ಪಾಲಕರೂ ಅದಕ್ಕೇ ದುಡ್ಡು ಕೊಡುತ್ತಿದ್ದೇವೆಂದು ನಂಬಿದ್ದರು.

ಶಾರ್ಟ್‌ಕಟ್ ಎಂಬ ಒಂದೇ ಹೆಸರಿನಡಿ ಎರಡು ಬೇರೆ ಬೇರೆ ಸಂಗತಿಗಳು ಬೆರೆತುಹೋಗಿವೆ. ಅವನ್ನು ಬೇರ್ಪಡಿಸದೆ ಈ ಕೆಲಸದ ಬೆಲೆ ಕಟ್ಟಲಾಗುವುದಿಲ್ಲ.

ಪಿಯು ಮಕ್ಕಳೆಲ್ಲ ಬಲ್ಲ ಒಂದು ಲೆಕ್ಕ ತೆಗೆದುಕೊಳ್ಳಿ. ರಾಟೆಯ ಮೇಲೆ ಹಾಯ್ದ ದಾರದ ಎರಡು ತುದಿಗೆ ಎರಡು ತೂಕ. ಒಂದರ ದ್ರವ್ಯರಾಶಿ ಎಂ1, ಇನ್ನೊಂದರದು ಎಂ2. ವೇಗೋತ್ಕರ್ಷ ಎಷ್ಟು? ನಾಲ್ಕು ಆಯ್ಕೆ ಕೊಟ್ಟಿರುತ್ತಾರೆ. ಲೆಕ್ಕ ಬಿಡಿಸದೆಯೂ ಉತ್ತರ ಹುಡುಕಬಹುದು. ಎರಡೂ ತೂಕ ಸಮ ಎಂದಿಟ್ಟುಕೊಳ್ಳಿ. ತೂಕಗಳು ಅಲುಗಾಡಬಾರದು, ಉತ್ತರ ಸೊನ್ನೆ ಬರಬೇಕು. ಸೊನ್ನೆ ಬಾರದ ಆಯ್ಕೆಗಳು ಹೋದವು. ಒಂದು ತುದಿಯಲ್ಲಿ ಏನೂ ಇಲ್ಲ ಎಂದಿಟ್ಟುಕೊಳ್ಳಿ. ಇನ್ನೊಂದು ತೂಕ ಗುರುತ್ವದಿಂದ ನೇರ ಬೀಳಬೇಕು, ಉತ್ತರ ಜಿ ಬರಬೇಕು. ಅಷ್ಟರಲ್ಲಿ ಒಂದೇ ಆಯ್ಕೆ ಉಳಿದಿರುತ್ತದೆ. ಇದನ್ನು ಕ್ರ್ಯಾಶ್ ಕೋರ್ಸಿನಲ್ಲಿ ಟ್ರಿಕ್ ಎನ್ನುತ್ತಾರೆ. ನಾನು ಇದನ್ನು ಭೌತಶಾಸ್ತ್ರ ಎನ್ನುತ್ತೇನೆ. ಸಂಶೋಧನೆ ಮಾಡುವವರೂ ತಮ್ಮ ಸಮೀಕರಣ ಸರಿಯೇ ಎಂದು ನೋಡುವುದು ಹೀಗೆಯೇ, ತುದಿಗಳಿಗೆ ಒಯ್ದು. ಪಠ್ಯಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ಓದಿಸಿದ ಕಾಲೇಜು ಇದನ್ನು ಹೇಳಿಕೊಟ್ಟಿರಲಿಕ್ಕಿಲ್ಲ. ಸಂಜೆ ಪಾಳಿಯ ಮಾಸ್ತರ ಹೇಳಿಕೊಟ್ಟಿದ್ದರೆ ಅವನು ಆ ಹೊತ್ತಿಗೆ ಒಳ್ಳೆಯ ಶಿಕ್ಷಕ.

ಇನ್ನೊಂದು ಬಗೆಯ ಶಾರ್ಟ್‌ಕಟ್ ಇದೆ. ಎಸೆದ ಚೆಂಡು ಏರಿದ ಎತ್ತರಕ್ಕೂ ಕ್ರಮಿಸಿದ ದೂರಕ್ಕೂ ಇರುವ ಸಂಬಂಧವನ್ನು ಒಂದು ಸಾಲಿನ ಸೂತ್ರ ಮಾಡಿ ಬಾಯಿಪಾಠ ಮಾಡಿಸುವುದು. ಚೆಂಡು ಎಸೆದ ಮಟ್ಟಕ್ಕೇ ವಾಪಸು ಬಿದ್ದಾಗ ಮಾತ್ರ ಆ ಸೂತ್ರ ನಡೆಯುತ್ತದೆ. ಮಾಳಿಗೆಯ ಮೇಲಿಂದ ಎಸೆದರೆ ನಡೆಯುವುದಿಲ್ಲ. ಆ ಷರತ್ತು ಹೇಳಲು ಐದು ನಿಮಿಷ ಬೇಕು, ಪೋರ್ಷನ್ ಮುಗಿಸುವ ಅವಸರದಲ್ಲಿ ಆ ಐದು ನಿಮಿಷವೇ ಮೊದಲು ಕತ್ತರಿಸಿ ಹೋಗುತ್ತದೆ. ಮೊದಲ ವರ್ಷ ನಾನೂ ಹಾಗೇ ಕಲಿಸಿದೆ. ಮುಂದಿನ ಭಾನುವಾರದ ಮಾಕ್ ಟೆಸ್ಟಿನಲ್ಲಿ ಮಾಳಿಗೆಯ ಲೆಕ್ಕ ಬಂತು. ನನ್ನ ಬ್ಯಾಚಿನ ಬಹುಪಾಲು ಮಕ್ಕಳು ನಾನು ಕೊಟ್ಟ ಸೂತ್ರವನ್ನೇ ಹಾಕಿ ಒಂದೇ ತಪ್ಪು ಆಯ್ಕೆಗೆ ಗುರುತು ಹಾಕಿದ್ದರು. ಆ ತಪ್ಪು ಅವರದಲ್ಲ, ನನ್ನದು.

ಅದಕ್ಕೇ ಈ ಕೆಲಸವನ್ನು ಅಳೆಯಲು ನಾನು ಒಂದು ಅಳತೆ ಇಟ್ಟುಕೊಂಡೆ. ಕಲಿಸಿದ ಉಪಾಯ ಎಲ್ಲಿ ಸೋಲುತ್ತದೆಂದು ಮಗುವಿಗೆ ಗೊತ್ತಿದೆಯೇ? ಗೊತ್ತಿದ್ದರೆ ಅದು ಪಾಠ. ಗೊತ್ತಿಲ್ಲದಿದ್ದರೆ ಮಗುವಿನ ಕೈಯಲ್ಲಿರುವುದು ಬೇರೆಯವರ ಬೀಗದ ಕೀಲಿ.

ನವಲಗುಂದದ ಕಡೆಯ ಒಂದು ಹುಡುಗಿ ನನ್ನ ಎರಡನೆಯ ವರ್ಷದ ಬ್ಯಾಚಿನಲ್ಲಿದ್ದಳು. ಹತ್ತನೆಯ ಇಯತ್ತೆಯವರೆಗೆ ಕನ್ನಡ ಮಾಧ್ಯಮ. ಗಣಿತ ಚೆನ್ನಾಗಿ ಬರುತ್ತಿತ್ತು, ಟೆಸ್ಟಿನಲ್ಲಿ ಮಾತ್ರ ರಾಟೆ ಮತ್ತು ದಾರದ ಲೆಕ್ಕಗಳೆಲ್ಲ ತಪ್ಪು. ಕೇಂದ್ರದ ದಾಖಲೆಯಲ್ಲಿ ಅವಳ ಹೆಸರಿನ ಮುಂದೆ "ಮೆಕ್ಯಾನಿಕ್ಸ್ ವೀಕ್" ಎಂದು ಬರೆದಿತ್ತು. ಒಂದು ಸಂಜೆ ಕ್ಲಾಸ್ ಮುಗಿದ ಮೇಲೆ ಅವಳ ರಫ್ ಹಾಳೆ ಇಸಿದುಕೊಂಡು ನೋಡಿದೆ. ಚಿತ್ರ ಸರಿ ಬರೆದಿದ್ದಳು. ಬಲಗಳನ್ನು ಗುರುತಿಸುವಾಗ ದಾರದ ಹತ್ತಿರ ಬಂದು ನಿಂತುಬಿಟ್ಟಿದ್ದಳು. ಯಾಕೆ ಎಂದು ಕೇಳಿದೆ.

"ಸರ್, ಲೈಟ್ ಸ್ಟ್ರಿಂಗ್ ಅಂತ ಕೊಟ್ಟಾರ್‍ರಿ. ಲೈಟ್ ಅಂದ್ರ ಬೆಳಕಲ್ಲೇನ್ರಿ? ಬೆಳಕಿಗೆ ಏನ್ ಬಲ ತೋರಸ್ಬೇಕು ತಿಳೀಲಿಲ್ರಿ."

ಲೈಟ್ ಎಂದರೆ ಇಲ್ಲಿ ಹಗುರ, ದಾರದ ತೂಕ ಲೆಕ್ಕಕ್ಕಿಲ್ಲ ಎಂದು ಅರ್ಥ. ಸ್ಮೂತ್ ಎಂದರೆ ನುಣುಪು ಅಷ್ಟೇ ಅಲ್ಲ, ಘರ್ಷಣೆ ಇಲ್ಲವೆಂದು ಅರ್ಥ. ಹೇಳಿದೆ. ಎರಡು ಮಾತು. ಅವಳಿಗೆ ಜಡತ್ವ ಗೊತ್ತಿತ್ತು, ವೇಗೋತ್ಕರ್ಷ ಗೊತ್ತಿತ್ತು, ನ್ಯೂಟನ್ನನ ಮೂರು ನಿಯಮ ಕನ್ನಡದಲ್ಲಿ ಬಾಯಿಗೆ ಬರುತ್ತಿದ್ದವು. ಎರಡು ವರ್ಷ ಪಿಯು ತರಗತಿಯಲ್ಲಿ ಕೂತು, ಮೇಲೊಂದು ತರಬೇತಿ ಸೇರಿ, ಅಷ್ಟು ದಿನ ಅವಳಿಗೆ ಆ ಎರಡು ಮಾತು ಹೇಳುವವರು ಸಿಕ್ಕಿರಲಿಲ್ಲ. ಕೇಳಬೇಕೆಂದು ಅವಳಿಗೂ ಹೊಳೆದಿರಲಿಲ್ಲ, ಏಕೆಂದರೆ ಲೈಟ್ ಎಂಬ ಪದ ತನಗೆ ಗೊತ್ತಿದೆ ಎಂದೇ ಅವಳು ತಿಳಿದಿದ್ದಳು.

ನೀಟ್ ಕನ್ನಡದಲ್ಲೂ ಬರೆಯಬಹುದಲ್ಲ ಎಂದು ಯಾರಾದರೂ ಕೇಳಬಹುದು. ಬರೆಯಬಹುದು. ಆದರೆ ಪಿಯು ವಿಜ್ಞಾನದ ಪಾಠ ಇಂಗ್ಲಿಷಿನಲ್ಲೇ ನಡೆದು, ತರಬೇತಿಯ ಮಾಡ್ಯೂಲುಗಳೆಲ್ಲ ಇಂಗ್ಲಿಷಿನಲ್ಲೇ ಇದ್ದ ಮೇಲೆ ಪರೀಕ್ಷೆಯ ದಿನ ಮಾತ್ರ ಕನ್ನಡಕ್ಕೆ ಮರಳುವ ಧೈರ್ಯ ಯಾವ ಮಗುವಿಗೆ ಬರುತ್ತದೆ? ಸಿಇಟಿ ಸೀಟು ಹಂಚಿಕೆಯಲ್ಲಿ ಕನ್ನಡ ಮಾಧ್ಯಮದವರಿಗೆ, ಗ್ರಾಮೀಣರಿಗೆ ಮೀಸಲಾತಿ ಇದೆ. ಅದು ನ್ಯಾಯವಾದದ್ದು. ಆದರೆ ಮೀಸಲಾತಿ ಬಾಗಿಲವರೆಗೆ ಬಂದವರಿಗೆ. ಲೈಟ್ ಎಂಬ ಪದದ ಹತ್ತಿರ ನಿಂತುಹೋದವರನ್ನು ಬಾಗಿಲವರೆಗೆ ಕರೆತರಬೇಕಾದವರು ಮಾಸ್ತರರು.

ಆ ಹುಡುಗಿಯ ಪಕ್ಕ ನಾನು ಕೂತ ಮುಕ್ಕಾಲು ಗಂಟೆಗೆ ಸಂಬಳ ಇರಲಿಲ್ಲ. ಬೋರ್ಡಿನ ಮುಂದೆ ನಿಂತ ಗಂಟೆಗೆ ಮಾತ್ರ ರಿಜಿಸ್ಟರಿನಲ್ಲಿ ಸಹಿ, ಆ ಸಹಿಗೆ ದುಡ್ಡು. ಟೆಸ್ಟ್ ಆದ ಮೇಲೆ ಕೀ ಆನ್ಸರ್ ಗೋಡೆಗೆ ಹಚ್ಚುತ್ತಿದ್ದರು. ಯಂತ್ರ ಒಎಂಆರ್ ಓದಿ ಅಂಕ ಕೊಡುತ್ತಿತ್ತು. ಅಂಕದ ಪ್ರಕಾರ ಮಕ್ಕಳು ಎ ಬ್ಯಾಚಿನಿಂದ ಬಿ ಬ್ಯಾಚಿಗೆ ಇಳಿಯುತ್ತಿದ್ದರು. ತಪ್ಪು ಎಲ್ಲಿಂದ ಹುಟ್ಟಿತೆಂದು ನೋಡುವ ಕೆಲಸಕ್ಕೆ ಈ ಇಡೀ ವ್ಯವಸ್ಥೆಯಲ್ಲಿ ಹೆಸರಿರಲಿಲ್ಲ, ಸಮಯವಿರಲಿಲ್ಲ. ಡೌಟ್ ಕ್ಲಾಸ್ ಎಂದು ವೇಳಾಪಟ್ಟಿಯಲ್ಲಿ ಒಂದು ಸಾಲಿತ್ತು ನಿಜ. ಅಲ್ಲಿಗೆ ಬರುತ್ತಿದ್ದವರು ಕೇಳಲು ಬಾಯಿ ಇದ್ದವರು, ಸಾಮಾನ್ಯವಾಗಿ ಎ ಬ್ಯಾಚಿನವರು.

ನನ್ನ ತಕರಾರು ಇಷ್ಟೇ, ಮತ್ತು ಇದೇ ಮುಖ್ಯ. ಅರೆಕಾಲಿಕ ಮಾಸ್ತರನಿಗೆ ಅನುಭವ ಕಡಿಮೆ. ಆದರೆ ಅವನಿಗೆ ಒಂದು ಅನುಕೂಲವಿದೆ: ಅವನು ತಾನೇ ನಾಲ್ಕೈದು ವರ್ಷದ ಹಿಂದೆ ಆ ಬೆಂಚಿನಲ್ಲಿ ಕೂತಿದ್ದವನು. ಎಲ್ಲಿ ಕಾಲು ಜಾರುತ್ತದೆಂಬುದು ಅವನಿಗೆ ಇನ್ನೂ ನೆನಪಿದೆ. ನೂರಿಪ್ಪತ್ತು ಮಕ್ಕಳ ಮುಂದೆ ಮೈಕ್ ಹಿಡಿದು ಇಡೀ ವಿದ್ಯುತ್ಕಾಂತತೆಯನ್ನು ಎರಡು ಸಂಜೆಗೆ ಮುಗಿಸಲು ಅವನು ಸರಿಯಾದ ಮನುಷ್ಯನಲ್ಲ. ಅದನ್ನು ಮೂವತ್ತು ವರ್ಷ ಪಾಠ ಹೇಳಿದವರು ಅವನಿಗಿಂತ ಎಷ್ಟೋ ಚೆನ್ನಾಗಿ ಮಾಡುತ್ತಾರೆ. ಒಂದು ಮಗುವಿನ ರಫ್ ಹಾಳೆ ಓದಲು ಮಾತ್ರ ಅವನೇ ಸರಿ. ಕೇಂದ್ರಗಳು ಅವನನ್ನು ಮೊದಲನೆಯ ಕೆಲಸಕ್ಕೆ ಕರೆಯುತ್ತವೆ, ಎರಡನೆಯದಕ್ಕೆ ದುಡ್ಡು ಕೊಡುವುದಿಲ್ಲ.

ಈ ಉದ್ಯಮವನ್ನು ಸರ್ಕಾರ ಗಮನಿಸದೆ ಇಲ್ಲ. 2024ರ ಜನವರಿಯಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯ ತರಬೇತಿ ಕೇಂದ್ರಗಳಿಗೆ ಮಾರ್ಗಸೂಚಿ ಹೊರಡಿಸಿತು. 16 ವರ್ಷದ ಒಳಗಿನವರನ್ನು ಸೇರಿಸಿಕೊಳ್ಳಬಾರದು. ದಿನಕ್ಕೆ ಐದು ಗಂಟೆಗಿಂತ ಹೆಚ್ಚು ಪಾಠ ಬೇಡ. ಪದವಿಗಿಂತ ಕಡಿಮೆ ಓದಿದವರನ್ನು ಬೋಧಕರಾಗಿ ಇಟ್ಟುಕೊಳ್ಳಬಾರದು. ಕೊನೆಯ ನಿಯಮದ ಪ್ರಕಾರ ಎಂ.ಎಸ್ಸಿ. ವಿದ್ಯಾರ್ಥಿ ಪಾಠ ಹೇಳಬಹುದು, ಎಂಜಿನಿಯರಿಂಗ್ ಕೊನೆಯ ವರ್ಷದ ಹುಡುಗಿ ಹೇಳುವಂತಿಲ್ಲ. ಉದ್ದೇಶ ಒಳ್ಳೆಯದೇ. ಆದರೆ ಮಾಸ್ತರನ ಪ್ರಮಾಣಪತ್ರ ನೋಡಿದಷ್ಟರಿಂದ ಮಗುವಿನ ಪಕ್ಕ ಯಾರೂ ಬಂದು ಕೂತಂತಾಗುವುದಿಲ್ಲ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಒಳಕ್ಕೆ ಹೋಯಿತು. ವಿಶಾಖಪಟ್ಟಣದಲ್ಲಿ ನೀಟ್‌ಗೆ ಓದುತ್ತಿದ್ದ ಹುಡುಗಿಯೊಬ್ಬಳ ಸಾವಿನ ಪ್ರಕರಣದಲ್ಲಿ ಅದು, ಅಂಕದ ಮೇಲೆ ಬ್ಯಾಚ್ ವಿಂಗಡಿಸುವುದನ್ನು ತರಬೇತಿ ಸಂಸ್ಥೆಗಳು ಸಾಧ್ಯವಾದಷ್ಟು ಬಿಡಬೇಕೆಂದು ಹೇಳಿತು. ಎ ಬ್ಯಾಚಿನಿಂದ ಬಿ ಬ್ಯಾಚಿಗೆ ಇಳಿಯುವ ಮಗುವಿನ ಮುಖ ನೋಡಿದ ಯಾವ ಮಾಸ್ತರನಿಗೂ ಆ ಮಾತಿಗೆ ವಿವರಣೆ ಬೇಡ.

ಸಿಇಟಿ ಹುಟ್ಟಿದ ಕಾರಣವನ್ನೂ ಇಲ್ಲಿ ನೆನೆಯಬೇಕು. ಕ್ಯಾಪಿಟೇಶನ್ ಶುಲ್ಕ ಕೊಟ್ಟವರಿಗೆ ಸೀಟು ಎಂಬ ಕಾಲ ಕರ್ನಾಟಕದಲ್ಲಿತ್ತು. ಆ ಶುಲ್ಕದ ವಿರುದ್ಧ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ 1992ರ ಮೋಹಿನಿ ಜೈನ್ ಪ್ರಕರಣ ನಮ್ಮ ರಾಜ್ಯದ್ದೇ. ಮರುವರ್ಷ, ಸೀಟು ಅರ್ಹತೆಯ ಮೇಲೆ ಹಂಚಬೇಕೆಂದ ಉನ್ನಿಕೃಷ್ಣನ್ ತೀರ್ಪು ಬಂತು, 1994ರಲ್ಲಿ ಸಿಇಟಿ ಶುರುವಾಯಿತು. ಯಾರ ಮಗುವಾದರೂ ಒಂದೇ ಪ್ರಶ್ನೆಪತ್ರಿಕೆ, ಒಂದೇ ಗಡಿಯಾರ. ನೀಟ್ ಬರುವ ಮೊದಲು ಈ ಪರೀಕ್ಷೆಯಿಂದಾಗಿಯೇ ಕಲಘಟಗಿಯ ರೈತನ ಮಗ ವೈದ್ಯನಾದ ಮನೆಗಳಿವೆ, ಅದನ್ನು ನಾನು ಹಗುರ ಮಾಡಲಾರೆ. ಆದರೆ 2024ರ ಏಪ್ರಿಲ್ ಸಿಇಟಿಯಲ್ಲಿ ಪಠ್ಯದಿಂದ ಕೈಬಿಟ್ಟಿದ್ದ ಭಾಗದ ಪ್ರಶ್ನೆಗಳು ಬಂದು, ಕೊನೆಗೆ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ತೆಗೆಯಬೇಕಾಯಿತು. ಅಂಕ ಸರಿಪಡಿಸಿದರು. ಕಾಲೇಜಿನ ಪುಸ್ತಕವನ್ನಷ್ಟೇ ನಂಬಿ ಓದಿದ ಮಗು ಆ ಪ್ರಶ್ನೆಗಳ ಮುಂದೆ ಕಳೆದುಕೊಂಡ ನಿಮಿಷಗಳನ್ನು ಯಾರೂ ಹಿಂದಿರುಗಿಸಲಿಲ್ಲ. ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ ಕೊಟ್ಟಷ್ಟಕ್ಕೆ ಎಲ್ಲರೂ ಒಂದೇ ಗೆರೆಯಿಂದ ಓಡಿದಂತಾಗುವುದಿಲ್ಲ. ಆ ಗೆರೆಯನ್ನು ಚೂರಾದರೂ ಹತ್ತಿರ ತರಬಲ್ಲವರಲ್ಲಿ ಅರೆಕಾಲಿಕ ಮಾಸ್ತರನೂ ಒಬ್ಬ. ಅದಕ್ಕೇ ಅವನ ಕೆಲಸ ಚಿಲ್ಲರೆ ಕೆಲಸವಲ್ಲ.

ಹಾಗಾದರೆ ಈ ಕೆಲಸ ಒಳ್ಳೆಯದೋ ಕೆಟ್ಟದ್ದೋ? ಇವತ್ತು ನಡೆಯುತ್ತಿರುವ ರೀತಿಯಲ್ಲಿ, ನಾನು ಕಂಡ ಮಟ್ಟಿಗೆ, ಅರ್ಧಕ್ಕಿಂತ ಹೆಚ್ಚು ವ್ಯರ್ಥ. ವಿಡಿಯೊದಲ್ಲಿ ಪುಕ್ಕಟೆ ಸಿಗುವ ಪಾಠವನ್ನು ಅವಸರದಲ್ಲಿ ಮತ್ತೊಮ್ಮೆ ಹೇಳಿ ಬರುವುದಕ್ಕೆ ಒಬ್ಬ ಓದುವ ಹುಡುಗನ ಸಂಜೆ, ಒಬ್ಬ ತಂದೆಯ ದುಡ್ಡು ಹೋಗುತ್ತಿದೆ. ಉಳಿದ ಪಾಲು, ಸಹಿ ಇಲ್ಲದ ಆ ಮುಕ್ಕಾಲು ಗಂಟೆ, ನಮ್ಮ ಶಿಕ್ಷಣದಲ್ಲಿ ಬೇರೆಲ್ಲೂ ಸುಲಭವಾಗಿ ಸಿಗದ್ದು.

ಈ ಬೇಸಿಗೆಯಲ್ಲಿ ಕ್ರ್ಯಾಶ್ ಕೋರ್ಸಿಗೆ ಪಾಠ ಹೇಳಲು ಹೊರಟಿರುವ ಎಂ.ಎಸ್ಸಿ. ಹುಡುಗ ಹುಡುಗಿಯರಲ್ಲಿ ನನ್ನದೊಂದು ಕೇಳಿಕೆ. ಒಪ್ಪಿಕೊಳ್ಳುವ ಮೊದಲೇ ಗಂಟೆಯ ದರದ ಜೊತೆ ಡೌಟ್ ಗಂಟೆಯ ದರವನ್ನೂ ಮಾತಾಡಿಕೊಳ್ಳಿ, ಬರಹದಲ್ಲಿ ತೆಗೆದುಕೊಳ್ಳಿ. ಟೆಸ್ಟ್ ಆದ ಮೇಲೆ ಒಎಂಆರ್ ಅಂಕದ ಪಟ್ಟಿ ಬೇಡ, ರಫ್ ಹಾಳೆಗಳನ್ನು ಕೇಳಿ ಪಡೆಯಿರಿ. ಕೇಳಲು ಬಾಯಿ ಬಾರದವರನ್ನು ನೀವೇ ಹೆಸರು ಹಿಡಿದು ಕರೆಯಿರಿ. ಪಾಲಕರೇ, ಫೀ ಕಟ್ಟುವಾಗ ಹೋದ ವರ್ಷದ ರ್‍ಯಾಂಕ್ ಎಷ್ಟು ಎಂದು ಕೇಳುವ ಬದಲು, ನಮ್ಮ ಮಗಳ ತಪ್ಪಾದ ಉತ್ತರಗಳನ್ನು ಅವಳ ಜೊತೆ ಕೂತು ನೋಡುವವರು ಯಾರು, ವಾರಕ್ಕೆ ಎಷ್ಟು ಹೊತ್ತು ಎಂದು ಕೇಳಿ. ಉತ್ತರವಾಗಿ ಒಬ್ಬ ಮನುಷ್ಯನ ಹೆಸರು ಬರುವವರೆಗೆ ದುಡ್ಡು ಕೊಡಬೇಡಿ.